ಯುದ್ಧವನ್ನು ಗೆದ್ದವನು, ಚುನಾವಣೆಯನ್ನು ಸೋತವನು

ನಾನು ಪಾಠ ಮಾಡುತ್ತಿದ್ದ ಕಾಲದ ಚರಿತ್ರೆಯ ಪುಸ್ತಕದಲ್ಲಿ, ಎರಡನೆಯ ಮಹಾಯುದ್ಧಕ್ಕೂ ನಮ್ಮ ಸ್ವಾತಂತ್ರ್ಯಕ್ಕೂ ನಡುವೆ, ಇಂಗ್ಲೆಂಡಿನಲ್ಲಿ ಕಾರ್ಮಿಕ ಪಕ್ಷ ಅಧಿಕಾರಕ್ಕೆ ಬಂದ ಸಂಗತಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಿತ್ತು. ಆ ವಾಕ್ಯವನ್ನು ಓದಿಸಿದೊಡನೆ ತರಗತಿಯ ಯಾವುದೋ ಒಂದು ಬೆಂಚಿನಿಂದ ಪ್ರತಿವರ್ಷವೂ ಅದೇ ಪ್ರಶ್ನೆ ಬರುತ್ತಿತ್ತು: "ಸಾರ್, ಯುದ್ಧ ಗೆಲ್ಲಿಸಿಕೊಟ್ಟವನನ್ನೇ ಯಾಕೆ ಸೋಲಿಸಿದರು?" ಪ್ರಶ್ನೆ ಸಣ್ಣದು, ಉತ್ತರ ಉದ್ದದ್ದು, ಪಠ್ಯವೋ ಮುಗಿಸಲೇಬೇಕಾದದ್ದು. ಈಗ ಗಂಟೆ ಹೊಡೆಯುವವರಿಲ್ಲವಾದ್ದರಿಂದ ಸಾವಕಾಶವಾಗಿ ಬರೆಯುತ್ತೇನೆ.

1945ರ ಮೇ 8ರಂದು ಯೂರೋಪಿನಲ್ಲಿ ಯುದ್ಧ ನಿಂತಿತು. ಜಪಾನಿನೊಡನೆ ಇನ್ನೂ ನಡೆಯುತ್ತಿತ್ತು. ಆಗ ಬ್ರಿಟನ್ನಿನಲ್ಲಿದ್ದ ಪಾರ್ಲಿಮೆಂಟು 1935ರ ನವೆಂಬರಿನಲ್ಲಿ ಆಯ್ಕೆಯಾದದ್ದು. ಅದರ ಐದು ವರ್ಷದ ಆಯುಸ್ಸನ್ನು ಯುದ್ಧದ ಕಾರಣದಿಂದ ವರ್ಷ ವರ್ಷವೂ ಹೆಚ್ಚಿಸುತ್ತ ಬಂದಿದ್ದರು. ಹೀಗಾಗಿ ಮೂವತ್ತರೊಳಗಿನ ಯಾವ ಬ್ರಿಟಿಷ್ ಪ್ರಜೆಯೂ ಅದುವರೆಗೆ ಒಂದು ಮಹಾಚುನಾವಣೆಯಲ್ಲಿಯೂ ಮತ ಹಾಕಿರಲಿಲ್ಲ. ಯುದ್ಧ ಮಾಡಿದವರಲ್ಲಿ ಬಹುಪಾಲು ಅವರೇ ಎಂಬುದನ್ನು ಮರೆಯಬಾರದು.

1940ರಿಂದ ಆಳುತ್ತಿದ್ದುದು ಎಲ್ಲ ಪಕ್ಷಗಳ ಸಂಯುಕ್ತ ಸರಕಾರ. ಪ್ರಧಾನಿ ಕನ್ಸರ್ವೇಟಿವ್ ಪಕ್ಷದ ವಿನ್‌ಸ್ಟನ್ ಚರ್ಚಿಲ್. ಉಪಪ್ರಧಾನಿ ಲೇಬರ್ ಪಕ್ಷದ, ಅಂದರೆ ನಮ್ಮ ಪುಸ್ತಕಗಳ ಕಾರ್ಮಿಕ ಪಕ್ಷದ, ಕ್ಲೆಮೆಂಟ್ ಆಟ್ಲಿ. ಚರ್ಚಿಲ್ ರಣರಂಗದ ನಕಾಶೆಗಳ ಮುಂದೆ ಕುಳಿತಿದ್ದಾಗ ಮನೆಯ ಕೆಲಸ ನೋಡಿಕೊಂಡವರಲ್ಲಿ ಲೇಬರ್ ಪಕ್ಷದವರು ಪ್ರಮುಖರು. ಕಾರ್ಖಾನೆಗಳಿಗೆ ಆಳುಗಳನ್ನು ಹೊಂದಿಸಿದವನು ಅರ್ನೆಸ್ಟ್ ಬೆವಿನ್. ಬಾಂಬು ಬಿದ್ದ ಊರುಗಳ ರಕ್ಷಣೆಯ ಹೊಣೆ ಹೊತ್ತವನು ಗೃಹಸಚಿವ ಹರ್ಬರ್ಟ್ ಮಾರಿಸನ್. ಲೇಬರ್ ಪಕ್ಷದವರಿಗೆ ರಾಜ್ಯ ನಡೆಸಲು ಬಾರದು ಎಂಬ ಹಳೆಯ ಆಕ್ಷೇಪಣೆ ಈ ಐದು ವರ್ಷಗಳಲ್ಲಿ ತಾನಾಗಿಯೇ ಸತ್ತುಹೋಗಿತ್ತು. ಇದು ಚರ್ಚಿಲ್ಲನ ಗಮನಕ್ಕೆ ಬಂದಂತೆ ಕಾಣುವುದಿಲ್ಲ.

ಜಪಾನ್ ಸೋಲುವವರೆಗೆ ಸಂಯುಕ್ತ ಸರಕಾರವೇ ಮುಂದುವರಿಯಲಿ ಎಂದು ಚರ್ಚಿಲ್ ಸೂಚಿಸಿದನು. ಲೇಬರ್ ಪಕ್ಷ ಒಪ್ಪಲಿಲ್ಲ. ಮೇ 23ರಂದು ಅವನು ರಾಜೀನಾಮೆ ಕೊಟ್ಟು ಹಂಗಾಮಿ ಸರಕಾರ ರಚಿಸಿದನು. ಜೂನ್ 15ರಂದು ಪಾರ್ಲಿಮೆಂಟು ವಿಸರ್ಜನೆಯಾಯಿತು, ಜುಲೈ 5ರಂದು ಮತದಾನ.

ಮತದಾರನ ಮನಸ್ಸಿನಲ್ಲಿ ಏನಿತ್ತು? ಒಂದು ಹಳೆಯ ಗಾಯವಿತ್ತು. 1918ರಲ್ಲಿ, ಮೊದಲ ಮಹಾಯುದ್ಧ ಮುಗಿದಾಗ, ವೀರರಿಗೆ ತಕ್ಕ ಮನೆಗಳನ್ನು ಕಟ್ಟಿಕೊಡುತ್ತೇವೆಂದು ಅಂದಿನ ಪ್ರಧಾನಿ ಲಾಯ್ಡ್ ಜಾರ್ಜ್ ಮಾತು ಕೊಟ್ಟಿದ್ದನು. ಮನೆಗಳು ಬಂದದ್ದು ಕಡಮೆ, ಬಂದದ್ದು ನಿರುದ್ಯೋಗ. 1930ರ ದಶಕದ ಆರಂಭದಲ್ಲಿ ಕೆಲಸವಿಲ್ಲದವರ ಸಂಖ್ಯೆ 30 ಲಕ್ಷದ ಸಮೀಪಕ್ಕೆ ಹೋಗಿತ್ತು. ಹಡಗುಕಟ್ಟೆ ಮುಚ್ಚಿಹೋದ ಜಾರೋ ಎಂಬ ಊರಿನಿಂದ 1936ರಲ್ಲಿ ಸುಮಾರು ಇನ್ನೂರು ಜನ ಕೆಲಸ ಕೇಳುತ್ತ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೋದರು. ಬರಿಗೈಯಲ್ಲಿ ಹಿಂದಿರುಗಿದರು. ಆ ದಶಕದಲ್ಲಿ ಆಳುತ್ತಿದ್ದವರು ಬಹುಮಟ್ಟಿಗೆ ಕನ್ಸರ್ವೇಟಿವರು. ಮ್ಯೂನಿಕ್ಕಿನಲ್ಲಿ ಹಿಟ್ಲರನಿಗೆ ತಲೆಬಾಗಿದವರೂ ಅವರೇ. ಚರ್ಚಿಲ್ ಅದನ್ನು ವಿರೋಧಿಸಿದ್ದನು, ನಿಜ. ಆದರೆ ಮತ ಪತ್ರಿಕೆಯ ಮೇಲೆ ಅವನ ಪಕ್ಷದವರ ಹೆಸರಿತ್ತು.

ಒಂದು ಹೊಸ ಆಸೆಯೂ ಇತ್ತು. 1942ರ ಡಿಸೆಂಬರಿನಲ್ಲಿ ಸರ್ ವಿಲಿಯಂ ಬೆವರಿಜ್ ಎಂಬ ವಿದ್ವಾಂಸ ಸಾಮಾಜಿಕ ವಿಮೆಯ ಬಗೆಗೆ ಒಂದು ವರದಿ ಕೊಟ್ಟನು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಸರಕಾರವೇ ಎದುರಿಸಬೇಕು ಎಂಬುದು ಅದರ ಸಾರ. ಸರಕಾರಿ ವರದಿಯೆಂದರೆ ಧೂಳು ತಿನ್ನುವ ವಸ್ತುವೆಂದು ನಾವು ಬಲ್ಲೆವು. ಇದೋ, ಲಕ್ಷಗಟ್ಟಲೆ ಮಾರಾಟವಾಯಿತು. ಜನ ಸಾಲುಗಟ್ಟಿ ನಿಂತು ಕೊಂಡರು. ಬಾಂಬಿಗೆ ಮನೆ ಕಳೆದುಕೊಂಡವರು, ಮದುವೆಯಾಗಿಯೂ ಅತ್ತೆಯ ಮನೆಯ ಒಂದು ಕೋಣೆಯಲ್ಲಿ ಬದುಕುತ್ತಿದ್ದವರು, ಯುದ್ಧದಿಂದ ಬಂದ ಮೇಲೆ ಏನು ಕೆಲಸವೆಂದು ಯೋಚಿಸುತ್ತಿದ್ದ ಸಿಪಾಯಿ, ಇವರಿಗೆಲ್ಲ ಬೇಕಾಗಿದ್ದುದು ಆ ವರದಿಯಲ್ಲಿತ್ತು. ಲೇಬರ್ ಪಕ್ಷ ಅದನ್ನು ಮನಸಾರೆ ಅಪ್ಪಿಕೊಂಡಿತು. ಚರ್ಚಿಲ್ ಹಣವೆಲ್ಲಿದೆ ಎಂದು ಅನುಮಾನಿಸಿದನು.

ಜೂನ್ 4ರಂದು ಅವನು ಮಾಡಿದ ರೇಡಿಯೋ ಭಾಷಣ ಇನ್ನೂ ಕೇಡು ಮಾಡಿತು. ಸಮಾಜವಾದಿ ಸರಕಾರ ಬಂದರೆ ಒಂದು ಬಗೆಯ ಗೆಸ್ಟಾಪೋವನ್ನು ಇಟ್ಟುಕೊಳ್ಳದೆ ನಡೆಯದು ಎಂಬರ್ಥದ ಮಾತನ್ನು ಆಡಿದನು. ಗೆಸ್ಟಾಪೋ ಎಂದರೆ ಹಿಟ್ಲರನ ಗುಪ್ತ ಪೊಲೀಸು. ಹಿಂದಿನ ತಿಂಗಳವರೆಗೆ ತನ್ನ ಪಕ್ಕದಲ್ಲಿಯೇ ಕುಳಿತಿದ್ದ ಆಟ್ಲಿಯ ಬಗೆಗೆ ಈ ಮಾತು! ಮರುದಿನ ಆಟ್ಲಿ ಮೆಲುದನಿಯಲ್ಲಿ ಉತ್ತರಿಸಿದನು: ಯುದ್ಧಕಾಲದ ಮಹಾನಾಯಕನಿಗೂ ಕನ್ಸರ್ವೇಟಿವ್ ಪಕ್ಷದ ಮುಖಂಡನಿಗೂ ಇರುವ ಅಂತರವನ್ನು ಚರ್ಚಿಲ್ಲನೇ ಜನರಿಗೆ ತೋರಿಸಿಕೊಟ್ಟನು ಎಂದು. ಮಕ್ಕಳಿಗೆ ಭಾಷಣಸ್ಪರ್ಧೆಯ ತರಬೇತಿ ಕೊಡುತ್ತಿದ್ದಾಗ ನಾನು ಈ ಎರಡು ಭಾಷಣಗಳ ಕಥೆಯನ್ನು ಹೇಳುತ್ತಿದ್ದೆ. ದನಿ ಏರಿಸಿದವನೇ ಗೆಲ್ಲುತ್ತಾನೆಂಬ ಭ್ರಮೆ ಮಕ್ಕಳಿಗೆ ಬಹಳ.

ಚರ್ಚಿಲ್ ಹೋದಲ್ಲೆಲ್ಲ ಜನಸಾಗರ. ಲಂಡನ್ನಿನ ಅಂಚಿನ ವಾಲ್ತಮ್‌ಸ್ಟೋ ಎಂಬಲ್ಲಿ ಮಾತ್ರ ಕೂಗಾಟ, ಛೀಮಾರಿ. ಆಟ್ಲಿಯೋ ಒಂದು ಸಣ್ಣ ಕಾರಿನಲ್ಲಿ, ಹೆಂಡತಿ ವಯೊಲೆಟ್ ನಡೆಸುತ್ತಿದ್ದಂತೆ ಪಕ್ಕದಲ್ಲಿ ಕುಳಿತು, ದೇಶ ಸುತ್ತಿದನು.

ಮತದಾನ ಜುಲೈ 5ರಂದು ಆದರೂ ಎಣಿಕೆ ನಡೆದುದು 26ರಂದು. ಹೊರದೇಶಗಳಲ್ಲಿದ್ದ ಸೈನಿಕರ ಮತಗಳು ಬಂದು ಸೇರಬೇಕಾಗಿತ್ತು. ಮೂರು ವಾರ ಪೆಟ್ಟಿಗೆಗಳು ಮೊಹರು ಹಾಕಿಕೊಂಡು ಕುಳಿತವು.

ಇದೇ ದಿನಗಳಲ್ಲಿ ನಮ್ಮ ದೇಶದಲ್ಲಿ ಏನಾಗುತ್ತಿತ್ತು ನೋಡಿ. ವೈಸರಾಯ್ ವೇವೆಲ್ ಜೂನ್ 25ರಂದು ಸಿಮ್ಲಾದಲ್ಲಿ ನಾಯಕರ ಸಮ್ಮೇಳನ ಕರೆದಿದ್ದನು. 1942ರಿಂದ ಸೆರೆಯಲ್ಲಿದ್ದ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸದಸ್ಯರನ್ನು ಅದಕ್ಕಾಗಿಯೇ ಬಿಡುಗಡೆ ಮಾಡಲಾಗಿತ್ತು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಬಂದವರು ಮೌಲಾನಾ ಆಜಾದರು. ವೈಸರಾಯನ ಸಮಿತಿಯ ಮುಸ್ಲಿಂ ಸದಸ್ಯರೆಲ್ಲರೂ ಲೀಗಿನವರೇ ಆಗಿರಬೇಕೆಂದು ಜಿನ್ನಾ ಅವರು ಪಟ್ಟು ಹಿಡಿದರು. ಸ್ವತಃ ಮುಸ್ಲಿಮರಾದ ಆಜಾದರ ಕಾಂಗ್ರೆಸ್ಸು ಇದನ್ನು ಹೇಗೆ ಒಪ್ಪೀತು? ಜುಲೈ 14ರಂದು ಸಮ್ಮೇಳನ ಮುರಿದುಬಿತ್ತು. ಸಿಮ್ಲಾದಲ್ಲಿ ಬಾಗಿಲು ಮುಚ್ಚಿದಾಗ ಲಂಡನ್ನಿನ ಪೆಟ್ಟಿಗೆಗಳು ಇನ್ನೂ ತೆರೆದಿರಲಿಲ್ಲ. ಇನ್ನೆರಡು ವಾರ ತಡೆದಿದ್ದರೆ ಹೇಗಿರುತ್ತಿತ್ತೋ ಎಂಬ ಯೋಚನೆ ನನಗೆ ಅನೇಕ ಸಲ ಬಂದಿದೆ. ಬಹುಶಃ ಏನೂ ಬದಲಾಗುತ್ತಿರಲಿಲ್ಲ. ಆ ಪಟ್ಟು ಲಂಡನ್ನಿನಲ್ಲಿ ಸಡಿಲುವಂಥದಲ್ಲ.

ಜುಲೈ 26ರಂದು ಪೆಟ್ಟಿಗೆಗಳು ತೆರೆದವು. ಒಟ್ಟು 640 ಸ್ಥಾನಗಳಲ್ಲಿ ಲೇಬರ್ ಪಕ್ಷಕ್ಕೆ 393. ಕನ್ಸರ್ವೇಟಿವರಿಗೆ ಮಿತ್ರರೂ ಸೇರಿ 213ರಷ್ಟು. ಲಿಬರಲ್ ಪಕ್ಷಕ್ಕೆ ಬರಿಯ 12. ಮತಗಳ ಲೆಕ್ಕದಲ್ಲಿ ಲೇಬರಿಗೆ ಸುಮಾರು 1 ಕೋಟಿ 20 ಲಕ್ಷ, ಕನ್ಸರ್ವೇಟಿವ್ ಕೂಟಕ್ಕೆ 1 ಕೋಟಿಯಷ್ಟು. ಹಿಂದೆ ಎರಡು ಸಲ, 1924ರಲ್ಲಿ ಮತ್ತು 1929ರಲ್ಲಿ, ಪರರ ಬೆಂಬಲದ ಊರುಗೋಲು ಹಿಡಿದು ಆಳಿದ್ದ ಪಕ್ಷಕ್ಕೆ ಇದು ಮೊದಲ ಸ್ವಂತ ಬಹುಮತ. ಲೇಬರ್ ಮುಂದಿದೆಯೆಂದು ಜನಾಭಿಪ್ರಾಯದ ಸಮೀಕ್ಷೆಗಳು ಮೊದಲೇ ಹೇಳಿದ್ದವು. ಆ ಕಾಲದಲ್ಲಿ ಅವನ್ನು ನಂಬುವವರಿರಲಿಲ್ಲ. ಆಟ್ಲಿಗೇ ಇಷ್ಟು ದೊಡ್ಡ ಗೆಲುವಿನ ನಿರೀಕ್ಷೆಯಿರಲಿಲ್ಲ.

ಅಂದು ಸೋತವರ ಪಟ್ಟಿಯಲ್ಲಿ ನಮಗೆ ಸಂಬಂಧಿಸಿದ ಒಂದು ಹೆಸರಿದೆ: ಲಿಯೊ ಆಮೆರಿ. 1940ರಿಂದ ಭಾರತದ ಸೆಕ್ರೆಟರಿ ಆಫ್ ಸ್ಟೇಟ್ ಆಗಿದ್ದವನು. ಕ್ವಿಟ್ ಇಂಡಿಯಾ ಚಳವಳಿಯ ದಮನವೂ 1943ರ ಬಂಗಾಳದ ಕ್ಷಾಮವೂ ಇವನ ಅಧಿಕಾರದ ಅವಧಿಯಲ್ಲಿ ಆದವು. ಇವನು ಹುಟ್ಟಿದ್ದು ನಮ್ಮ ಗೋರಖಪುರದಲ್ಲಿ! ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಬ್ರೂಕ್ ಕ್ಷೇತ್ರದಲ್ಲಿ ಇವನ ಎದುರಿಗೆ ಬಂಗಾಳಿ ತಂದೆಯ ಮಗನಾದ ಕಮ್ಯುನಿಸ್ಟ್ ನಾಯಕ ರಜನಿ ಪಾಮೆ ದತ್ ನಿಂತನು. ದತ್ತನಿಗೆ ಬಿದ್ದ ಮತ ಕಡಮೆಯೇ. ಗೆದ್ದವನು ಲೇಬರ್ ಪಕ್ಷದವನು. ಆಮೆರಿಯನ್ನು ಪೂರಾ ಖಳನೆಂದು ಬರೆಯಲು ಮಾತ್ರ ನನ್ನ ಲೇಖನಿ ಒಪ್ಪದು. ಭಾರತದ ವಿಷಯದಲ್ಲಿ ಚರ್ಚಿಲ್ಲನ ಹಟವನ್ನು ತನ್ನ ದಿನಚರಿಯಲ್ಲಿ ಕಟುವಾಗಿ ಟೀಕಿಸಿದವನು ಅವನು, ಬಂಗಾಳಕ್ಕೆ ಧಾನ್ಯ ಕಳುಹಿಸಬೇಕೆಂದು ಸಚಿವ ಸಂಪುಟದಲ್ಲಿ ಕೇಳಿದವನೂ ಅವನೇ. ಕೇಳಿದರೆ ಸಾಲದು, ಆ ಮಾತು ಬೇರೆ. ವಿಚಿತ್ರವೆಂದರೆ ಲಿಬರಲ್ ಪಕ್ಷದಿಂದ ನಿಂತಿದ್ದ ಬೆವರಿಜ್ ಕೂಡ ಸೋತನು. ಅವನ ವರದಿ ಗೆದ್ದಿತು, ಅವನು ಗೆಲ್ಲಲಿಲ್ಲ.

ಚರ್ಚಿಲ್ ತನ್ನ ವುಡ್‌ಫರ್ಡ್ ಕ್ಷೇತ್ರದಲ್ಲಿ ಗೆದ್ದನು. ಗೌರವದಿಂದ ಲೇಬರ್, ಲಿಬರಲ್ ಪಕ್ಷಗಳೆರಡೂ ಅಲ್ಲಿ ಅಭ್ಯರ್ಥಿಯನ್ನು ನಿಲ್ಲಿಸಿರಲಿಲ್ಲ. ಹಾಗಿದ್ದೂ ಯಾರೂ ಅರಿಯದ ಒಬ್ಬ ಪಕ್ಷೇತರನಿಗೆ ಹತ್ತು ಸಾವಿರಕ್ಕೂ ಮಿಕ್ಕಿ ಮತ ಬಿದ್ದಿತ್ತು! ಅಂದು ಸಂಜೆಯೇ ಚರ್ಚಿಲ್ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟನು. ಸ್ವಲ್ಪ ಹೊತ್ತಿನಲ್ಲಿ ವಯೊಲೆಟ್ ನಡೆಸುತ್ತಿದ್ದ ಅದೇ ಸಣ್ಣ ಕಾರು ಅರಮನೆಯ ಬಾಗಿಲಿಗೆ ಬಂದಿತು. ಆ ಹೊತ್ತಿಗೆ ಜರ್ಮನಿಯ ಪೋಟ್ಸ್‌ಡ್ಯಾಮಿನಲ್ಲಿ ಸ್ಟಾಲಿನ್ ಮತ್ತು ಅಮೆರಿಕದ ಅಧ್ಯಕ್ಷ ಟ್ರೂಮನ್ ಜೊತೆ ಮಾತುಕತೆ ಅರ್ಧಕ್ಕೆ ನಿಂತಿತ್ತು. ಫಲಿತಾಂಶಕ್ಕಾಗಿ ಚರ್ಚಿಲ್ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಅವನ ಕುರ್ಚಿಯಲ್ಲಿ ಆಟ್ಲಿ ಹೋಗಿ ಕುಳಿತನು. ಸ್ಟಾಲಿನನಿಗೆ ಇದು ಅರ್ಥವೇ ಆಗಲಿಲ್ಲವಂತೆ. ಆಗಬೇಕಾದರೂ ಹೇಗೆ?

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ" ಎಂಬ ನಮ್ಮ ಗಾದೆಯನ್ನು ಈ ಸಂದರ್ಭಕ್ಕೆ ಅನ್ವಯಿಸಿ ಬ್ರಿಟಿಷ್ ಜನರನ್ನು ಕೃತಘ್ನರೆಂದು ಹೇಳಿದವರನ್ನು ಕೇಳಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ. ಅಂಬಿಗನಿಗೆ ಅವರು ಕೈಮುಗಿದರು, ಬೀದಿಯಲ್ಲಿ ನಿಂತು ಜಯಕಾರ ಹಾಕಿದರು. ಆದರೆ ದಡ ಸೇರಿದ ಮೇಲೆ ಮನೆ ಕಟ್ಟಬೇಕಾಗಿತ್ತು. ಅದಕ್ಕೆ ಗಾರೆಯವನನ್ನು ಕರೆದರು.

ಇನ್ನು ನಮ್ಮ ಪಾಲಿನ ಪ್ರಶ್ನೆ. ಲೇಬರ್ ಪಕ್ಷ ಗೆದ್ದದ್ದರಿಂದ ನಮಗೆ ಸ್ವಾತಂತ್ರ್ಯ ಸಿಕ್ಕಿತೆ? ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ 'ಹೌದು' ಎಂದು ಬರೆದವರಿಗೂ ನಾನು ಅಂಕ ಕೊಟ್ಟಿದ್ದೇನೆ. ಆದರೆ ಮಾತು ಅಷ್ಟು ಸರಳವಲ್ಲ. ಚರ್ಚಿಲ್ ಗೆದ್ದಿದ್ದರೆ ತಡವಾಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. 1931ರಲ್ಲಿ ಗಾಂಧೀಜಿಯವರನ್ನು ಅರೆಬೆತ್ತಲೆಯ ಫಕೀರನೆಂದು ಹಳಿದವನು, ಸಾಮ್ರಾಜ್ಯವನ್ನು ಕರಗಿಸುವುದಕ್ಕಾಗಿ ತಾನು ಪ್ರಧಾನಿಯಾಗಿಲ್ಲವೆಂದು 1942ರಲ್ಲಿ ಸಾರಿದವನು ಅವನು. ಆಟ್ಲಿಗೆ ಭಾರತದ ಪರಿಚಯ ಹಳೆಯದು. "ಸೈಮನ್, ಹಿಂದಿರುಗು" ಎಂದು ನಮ್ಮವರು ಕಪ್ಪು ಬಾವುಟ ಹಿಡಿದರಲ್ಲ, ಆ ಸೈಮನ್ ಆಯೋಗದ ಏಳು ಸದಸ್ಯರಲ್ಲಿ ಅವನೂ ಒಬ್ಬ! ಆಮೆರಿಯ ಸ್ಥಾನಕ್ಕೆ ಅವನು ತಂದದ್ದು ಪೆಥಿಕ್ ಲಾರೆನ್ಸನನ್ನು. 73 ವರ್ಷದ ಈ ಮುದುಕ ಹಿಂದೊಮ್ಮೆ ಹೆಂಗಸರ ಮತದಾನದ ಹಕ್ಕಿಗಾಗಿ ಹೆಂಡತಿಯೊಡನೆ ಸೆರೆಮನೆ ಕಂಡವನು.

ಆದರೆ ಯಾರು ಗೆದ್ದಿದ್ದರೂ ಬೊಕ್ಕಸ ಬರಿದಾಗಿತ್ತು. ಯುದ್ಧದ ಬಾಬತ್ತಿನಲ್ಲಿ ಭಾರತಕ್ಕೇ ಬ್ರಿಟನ್ ಸುಮಾರು 130 ಕೋಟಿ ಪೌಂಡು ಸಾಲಗಾರನಾಗಿತ್ತು. 1945ರ ಕೊನೆಯಲ್ಲಿ ಕೆಂಪುಕೋಟೆಯ ವಿಚಾರಣೆ, 1946ರ ಫೆಬ್ರವರಿಯಲ್ಲಿ ಮುಂಬಯಿಯ ನೌಕಾಸೈನಿಕರ ದಂಗೆ. ಸೈನ್ಯದ ಮೇಲೆ ಇನ್ನು ಭರವಸೆಯಿಟ್ಟು ಆಳಲಾಗದೆಂಬುದು ಎಲ್ಲರಿಗೂ ತಿಳಿಯಿತು. ಲೇಬರ್ ಸರಕಾರವೇನೂ ಋಷ್ಯಾಶ್ರಮವಲ್ಲ. 1945ರ ಕೊನೆಯಲ್ಲಿ ಇಂಡೊನೇಷ್ಯದ ಸುರಬಾಯದಲ್ಲಿ ಅಲ್ಲಿನ ಸ್ವಾತಂತ್ರ್ಯವಾದಿಗಳ ವಿರುದ್ಧ ಭಾರತೀಯ ಸಿಪಾಯಿಗಳನ್ನೇ ಹೋರಾಡಿಸಿದ್ದು ಇದೇ ಸರಕಾರ.

ಸ್ವಾತಂತ್ರ್ಯ ಬರುವುದೋ ಇಲ್ಲವೋ ಎಂಬುದನ್ನು ಆ ಚುನಾವಣೆ ನಿರ್ಧರಿಸಲಿಲ್ಲ; ಎಂದು, ಹೇಗೆ ಎಂಬುದನ್ನು ನಿರ್ಧರಿಸಿತು ಎಂಬುದೇ ನನ್ನ ತೀರ್ಮಾನ. 1946ರ ಮಾರ್ಚಿನಲ್ಲಿ ಕ್ಯಾಬಿನೆಟ್ ನಿಯೋಗ ಬಂದಿತು. 1948ರ ಜೂನಿನೊಳಗೆ ಅಧಿಕಾರ ಹಸ್ತಾಂತರಿಸುವುದಾಗಿ 1947ರ ಫೆಬ್ರವರಿ 20ರಂದು ಆಟ್ಲಿ ಪ್ರಕಟಿಸಿದನು. ಮೌಂಟ್‌ಬ್ಯಾಟನ್ ಅದನ್ನೂ ಹಿಂದಕ್ಕೆಳೆದು ಆಗಸ್ಟಿಗೆ ತಂದನು. ಭಾರತವನ್ನು ಎಂದೂ ಕಾಣದಿದ್ದ ರ‍್ಯಾಡ್‌ಕ್ಲಿಫ್ ಐದು ವಾರಗಳಲ್ಲಿ ಗಡಿಯ ಗೆರೆ ಎಳೆದನು. ಆ ಆತುರಕ್ಕೆ ಪಂಜಾಬ, ಬಂಗಾಳಗಳ ಜನ ತೆತ್ತ ಬೆಲೆಯನ್ನು ಇಲ್ಲಿ ಬರೆಯಹೊರಟರೆ ಬೇರೊಂದು ಲೇಖನವೇ ಆಗುತ್ತದೆ. ನಮ್ಮ ಮೈಸೂರಿನ ಕಡೆ ಇದರ ಅಲೆ ಬಡಿದದ್ದು ಬೇರೆ ರೀತಿ: ಬ್ರಿಟಿಷರ ಪರಮಾಧಿಕಾರ ಕಳಚಿಬಿದ್ದ ಮೇಲೆ 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಬಂದಿತು.

ತನ್ನ ದೇಶದಲ್ಲಿ ಆಟ್ಲಿ ಹೇಳಿದ್ದರಲ್ಲಿ ಬಹುಪಾಲು ಮಾಡಿ ತೋರಿಸಿದನು. ಗಣಿ, ರೈಲ್ವೆಗಳು ರಾಷ್ಟ್ರೀಕರಣಗೊಂಡವು. ಗಣಿ ಕಾರ್ಮಿಕನ ಮಗ ಅನ್ಯೂರಿನ್ ಬೆವನ್ ವೈದ್ಯರ ವಿರೋಧವನ್ನು ಎದುರಿಸಿ, ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಮತದಾನದ ದಿನಕ್ಕೆ ಸರಿಯಾಗಿ ಮೂರು ವರ್ಷ ತುಂಬಿದಾಗ, 1948ರ ಜುಲೈ 5ರಂದು, ಆರಂಭಿಸಿದನು. ಇಂಗ್ಲೆಂಡಿನಲ್ಲಿರುವ ನಮ್ಮ ಮಕ್ಕಳು, ಸೊಸೆಯಂದಿರು ಇಂದು ಕೆಮ್ಮು ಜ್ವರಕ್ಕೆ ಹೋಗುವುದು ಆ ಸೇವೆಯ ವೈದ್ಯರ ಬಳಿಗೇ. ಆದರೆ ಬಡತನ ನೀಗಲಿಲ್ಲ. ಯುದ್ಧದಲ್ಲಿಯೂ ಇರದಿದ್ದ ಬ್ರೆಡ್ಡಿನ ಪಡಿತರ 1946ರಲ್ಲಿ ಬಂದಿತು. ಸರತಿಯ ಸಾಲು ಕರಗಲಿಲ್ಲ. 1950ರಲ್ಲಿ ಬಹುಮತ ಕೂದಲೆಳೆಗೆ ಇಳಿಯಿತು. 1951ರ ಅಕ್ಟೋಬರಿನಲ್ಲಿ ಲೇಬರ್ ಪಕ್ಷಕ್ಕೆ ಅದುವರೆಗೆ ಎಂದೂ ಬಾರದಷ್ಟು ಮತ ಬಂದಿತು, ಸುಮಾರು 1 ಕೋಟಿ 39 ಲಕ್ಷ; ಕನ್ಸರ್ವೇಟಿವ್ ಕೂಟಕ್ಕೆ ಬಂದದ್ದು 1 ಕೋಟಿ 37 ಲಕ್ಷ. ಸ್ಥಾನಗಳು ಮಾತ್ರ 295 ಮತ್ತು 321. ಹೀಗೆ ಕಡಮೆ ಮತ ಪಡೆದು ಗೆದ್ದ ಚರ್ಚಿಲ್, 76ನೆಯ ವಯಸ್ಸಿನಲ್ಲಿ, ಮತ್ತೆ ಪ್ರಧಾನಿಯಾದನು. ಬೆವನ್ ತೆರೆದ ಆಸ್ಪತ್ರೆಗಳನ್ನು ಅವನು ಮುಚ್ಚಲಿಲ್ಲ.