ಗುಜರಿಯವನು ಬೇಡ ಅಂದ ಸ್ವಿಚ್ಚು

ಹೋದ ತಿಂಗಳು ಆಂಡರ್ಸನ್‌ಪೇಟೆ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸಿದ್ವಿ. ಕಿತ್ತು ಹಾಕಿದ ಹಳೇ ಸಾಮಾನೆಲ್ಲಾ ಗೋಣಿಚೀಲಕ್ಕೆ ತುಂಬಿ ಗುಜರಿ ಗಾಡಿಯವನ ಮುಂದೆ ಸುರಿದೆ. ಅವನು ತಾಮ್ರದ ತಂತಿ ಒಂದ್ಕಡೆ, ಹಿತ್ತಾಳೆ ಒಂದ್ಕಡೆ, ಕಬ್ಬಿಣದ ಮೊಳೆ ಇನ್ನೊಂದ್ಕಡೆ ಮಾಡ್ಕೊಂಡ. ಒಡೆದ ಪ್ಲಾಸ್ಟಿಕ್ ಬಕೆಟ್ಟೂ ಬಿಡಲಿಲ್ಲ. ಕರೀ ಸ್ವಿಚ್ಚುಗಳನ್ನ ಮಾತ್ರ ಒಂದೊಂದೇ ಒಡೆದು, ಒಳಗಿನ ಹಿತ್ತಾಳೆ ಕಿತ್ಕೊಂಡು, ಚಿಪ್ಪನ್ನ ನನ್ನ ಕಾಲ ಹತ್ರಾನೇ ಇಟ್ಟ.

"ಇದೂ ಪ್ಲಾಸ್ಟಿಕ್ಕೇ ಅಲ್ವೇನಪ್ಪಾ?" ಅಂದೆ.

"ಬೇಕಲೈಟ್ ಅಮ್ಮಾ ಇದು. ಕರಗಲ್ಲ. ಯಾರೂ ತಗೊಳ್ಳಲ್ಲ."

ಕರಗಲ್ಲ ಅನ್ನೋ ಮಾತನ್ನ ಇದಕ್ಕೆ ಮುಂಚೆ ನಮ್ಮಪ್ಪನ ಬಾಯಲ್ಲಿ ಕೇಳಿದ್ದೆ, ಆದ್ರೆ ಅವನು ಹೇಳ್ತಿದ್ದುದು ಹೊಗಳೋಕೆ. ಅಪ್ಪ ಗಣಿಯಲ್ಲಿ ಕರೆಂಟಿನ ಕೆಲಸದಲ್ಲಿದ್ದ. 1978ರಲ್ಲಿ ಈ ಮನೆ ಕಟ್ಟಿದಾಗ ಪೂರ್ತಿ ವೈರಿಂಗ್ ಅವನ ಕೈಯಿಂದಾನೇ ಆಗಿದ್ದು. ಒಂದು ದಿನ ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು, ಬಾಚಣಿಗೆ ಚೂರೊಂದನ್ನೂ ಒಡೆದ ಸ್ವಿಚ್ಚಿನ ಚೂರೊಂದನ್ನೂ ಸೀಮೆಎಣ್ಣೆ ಸ್ಟೌ ಮೇಲೆ ಇಕ್ಕಳದಲ್ಲಿ ಹಿಡಿದು ತೋರಿಸಿದ. ಬಾಚಣಿಗೆ ಮುದುಡಿ ತೊಟ್ಟಿಕ್ತು. ಸ್ವಿಚ್ಚಿನ ಚೂರು ಆಸ್ಪತ್ರೆ ವಾಸನೆ ಬಿಟ್ಟು ಕರ್ರಗಾಯ್ತು ಅಷ್ಟೇ, ಆಕಾರ ಬಿಡಲಿಲ್ಲ. "ನೋಡ್ರೋ, ಇದು ಮರ್ಯಾದೆಸ್ತ ಸಾಮಾನು" ಅಂದ.

ನಮ್ಮೂರಿನೋರಿಗೆ ಕರೆಂಟಿನ ಬಗ್ಗೆ ಸ್ವಲ್ಪ ಜಂಬ ಜಾಸ್ತೀನೇ. ಯಾಕಂದ್ರೆ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ತೆಗೆದ ವಿದ್ಯುತ್ತು 1902ರ ಜೂನ್ 30ಕ್ಕೆ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಹತ್ತಿದ್ದು ಮೂರು ವರ್ಷ ಆದ್ಮೇಲೆ, 1905ರಲ್ಲಿ. ಆದ್ರೆ ಆ 1902ರಲ್ಲಿ ಬೇಕಲೈಟ್ ಅನ್ನೋದೇ ಇರಲಿಲ್ಲ. ಕರೆಂಟು ಮೈಗೆ ಹೊಡೀದಂಗೆ ತಡಿಯೋಕೆ ಇದ್ದಿದ್ದು ಪಿಂಗಾಣಿ, ರಬ್ಬರು, ಅಭ್ರಕ, ಬಟ್ಟೆ ಪಟ್ಟಿ, ಇವುಗಳ ಜೊತೆಗೆ ಅರಗು.

ಅರಗು ಅಂದ್ರೆ ನಮಗೆ ಚನ್ನಪಟ್ಟಣದ ಬೊಂಬೆ ನೆನಪಾಗುತ್ತೆ, ಇಲ್ಲಾಂದ್ರೆ ಪಾಂಡವರ ಅರಗಿನ ಮನೆ. ಒಂದು ಪುಟ್ಟ ಹುಳ ಮರದ ಕೊಂಬೆ ಮೇಲೆ ಸುರಿಸೋ ಅಂಟು ಅದು. ಅದನ್ನ ಸೋಸಿ ಮಾಡೋ ಷೆಲ್ಯಾಕ್ ಬಹುಪಾಲು ಹೋಗ್ತಿದ್ದುದು ನಮ್ಮ ದೇಶದಿಂದಾನೇ. ಅಭ್ರಕದ ಹಾಳೆ ಹಾಳೆಗೆ ಷೆಲ್ಯಾಕ್ ಬಳಿದು ಒತ್ತಿ ಯಂತ್ರಗಳ ಒಳಗೆ ಇಡೋರು. ಸುರುಳಿ ತಂತಿಗೂ ಅದನ್ನೇ ಬಳಿಯೋರು. ಊರೂರಿಗೆ ಕರೆಂಟು ಬಂದಂಗೆಲ್ಲಾ ಅರಗಿನ ಬೆಲೆ ಏರ್ತು. ಹುಳ ಏನು ಮಾಡೀತು, ಪಾಪ! ಸಾವಿರಾರು ಹುಳ ತಿಂಗಳುಗಟ್ಟಲೆ ಸುರಿಸಿದ್ರೆ ಒಂದಿಷ್ಟು ಅರಗು.

ಇದನ್ನ ಕಂಡೇ ಲಿಯೋ ಬೇಕ್‌ಲ್ಯಾಂಡ್ ಅನ್ನೋನು ಹುಳದ ಬದಲು ಏನಾದ್ರೂ ಮಾಡೋಣ ಅಂತ ಹೊರಟ. ಬೆಲ್ಜಿಯಂನ ಗೆಂಟ್ ಊರಿನಲ್ಲಿ 1863ರಲ್ಲಿ ಹುಟ್ಟಿದೋನು. ಅಪ್ಪ ಚಪ್ಪಲಿ ಹೊಲೀತಿದ್ದ, ಅಮ್ಮ ಕಂಡೋರ ಮನೆ ಕೆಲಸಕ್ಕೆ ಹೋಗ್ತಿದ್ಳು. ಅಮೆರಿಕಕ್ಕೆ ಹೋಗಿ, ಫೋಟೋ ಕಾಗದವೊಂದನ್ನ ಕಂಡುಹಿಡಿದು, ಅದನ್ನ 1899ರಲ್ಲಿ ಈಸ್ಟ್‌ಮನ್‌ಗೆ ಮಾರಿ ದುಡ್ಡು ಮಾಡ್ಕೊಂಡಿದ್ದ.

ಫೀನಾಲು, ಫಾರ್ಮಾಲ್ಡಿಹೈಡು ಎರಡನ್ನೂ ಬೆರೆಸಿದ್ರೆ ಅಂಟಂಟಾದ ಒಂದು ಮುದ್ದೆ ಬರುತ್ತೆ ಅನ್ನೋದು 1872ರಲ್ಲೇ ಜರ್ಮನಿಯ ಬೇಯರ್ ಕಂಡಿದ್ದ. ಫೀನಾಲು ಕಲ್ಲಿದ್ದಲಿನ ಟಾರಿಂದ ಬರೋದು. ಫಾರ್ಮಾಲ್ಡಿಹೈಡು ಅಂದ್ರೆ ಕಾಲೇಜಿನ ಸೀಸೆಯಲ್ಲಿ ಕಪ್ಪೆ ಕೂರಿಸಿರ್ತಾರಲ್ಲಾ, ಆ ನೀರಿನಲ್ಲಿರೋದು. ಆ ಮುದ್ದೆ ಪಾತ್ರೆಗೆ ಹತ್ತಿದ್ರೆ ಬಿಡ್ತಿರಲಿಲ್ಲ ಅಂತ ಎಲ್ರೂ ಬಯ್ಕೊಂಡು ಬಿಸಾಡ್ತಿದ್ರು. ತಳ ಹಿಡಿದ ಪಾತ್ರೆ ತಿಕ್ಕೋರಿಗೆ ಆ ಸಂಕಟ ಗೊತ್ತು. ಬೇಕ್‌ಲ್ಯಾಂಡ್ ಮಾತ್ರ, ಇಷ್ಟು ಗಟ್ಟಿಯಾಗಿ ಹತ್ಕೊಳ್ಳೋದೇ ನನಗೆ ಬೇಕಿರೋದು ಅಂದ್ಕೊಂಡ. ತೊಂದರೆ ಇದ್ದಿದ್ದು ಕಾಯಿಸುವಾಗ. ಹಬೆ ಎದ್ದು, ನೊರೆ ಉಕ್ಕಿ, ಒಳಗೆಲ್ಲಾ ತೂತು ತೂತಾಗೋದು. ಅದಕ್ಕೆ ಮುಚ್ಚಳ ಬಿಗಿದ ಕಬ್ಬಿಣದ ಹಂಡೆಯಲ್ಲಿ ಒತ್ತಡ ಹಾಕಿ ಬೇಯಿಸಿದ. ಗುಳ್ಳೆ ಏಳೋಕೆ ಆಸ್ಪದಾನೇ ಇಲ್ಲದಂಗೆ ಗಟ್ಟಿಯಾಯ್ತು.

ಅಂದ್ರೆ ಅದು ಪ್ರೆಷರ್ ಕುಕ್ಕರೇ! ನಮ್ಮ ಕುಕ್ಕರಿನ ಕರೀ ಹಿಡಿ ತಾನೇ ಒಂದು ಥರದ ಕುಕ್ಕರಿನಲ್ಲಿ ಬೆಂದು ಬಂದ ಸಾಮಾನು ಅಂತ ಗೊತ್ತಾದ ದಿನ ನನಗೆ ನಗು ತಡೆಯೋಕಾಗಲಿಲ್ಲ. 1907ರ ಜುಲೈನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1909ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ರಸಾಯನಶಾಸ್ತ್ರಜ್ಞರ ಮುಂದೆ ಬಿಚ್ಚಿಟ್ಟ. ಇಂಗ್ಲೆಂಡಿನ ಸ್ವಿನ್‌ಬರ್ನ್ ಅನ್ನೋನು ಇದೇ ಹಾದಿಯಲ್ಲಿದ್ದ, ಒಂದೇ ದಿನ ತಡವಾಗಿ ಪೇಟೆಂಟ್ ತಪ್ಪಿಸಿಕೊಂಡ ಅಂತಾರೆ.

ಕರಗೋದು, ಕರಗದೇ ಇರೋದು ಅಂದ್ರೇನು ಅಂತ ಅಡುಗೆಮನೆಯಲ್ಲೇ ನೋಡಬಹುದು. ಬೆಲ್ಲ ಕಾಯಿಸಿದ್ರೆ ಪಾಕ, ಆರಿದ್ರೆ ಗಟ್ಟಿ, ಮತ್ತೆ ಕಾಯಿಸಿದ್ರೆ ಮತ್ತೆ ಪಾಕ. ಬಕೆಟ್ಟು ಬಾಚಣಿಗೆ ಈ ಜಾತಿ. ಇಡ್ಲಿ ಹಂಗಲ್ಲ. ಒಂದ್ಸಲ ಬೆಂದ ಮೇಲೆ ಎಷ್ಟು ಬೇಯಿಸಿದ್ರೂ ಹಿಟ್ಟಾಗಲ್ಲ, ಜಾಸ್ತಿ ಬೇಯಿಸಿದ್ರೆ ಸೀದು ಹೋಗುತ್ತೆ. ಬೇಕಲೈಟು ಇಡ್ಲಿ ಜಾತಿ. ಬಿಸಿಯಲ್ಲಿ ಅದರ ಕಣಕಣವೂ ಬಲೆಯಂಗೆ ಒಂದಕ್ಕೊಂದು ಗಂಟು ಹಾಕ್ಕೊಂಡು ಬಿಡುತ್ತೆ. ಆ ಗಂಟು ಬಿಚ್ಚೋಕಾಗಲ್ಲ.

ಬರೀ ಅಂಟಾದ್ರೆ ಗಾಜಿನಂಗೆ ಒಡೀತಿತ್ತು. ಅದಕ್ಕೇ ನುಣ್ಣಗೆ ಅರೆದ ಮರದ ಪುಡಿ ಕಲಸೋದು, ಮಣ್ಣಿನ ಗೋಡೆಗೆ ಹುಲ್ಲು ಕಲಸಿ ತುಳಿದಂಗೆ. ಗುಜರಿಯವನು ಬಿಟ್ಟುಹೋದ ಚಿಪ್ಪಿನ ಒಡೆದ ಕಡೆ ನೋಡಿದೆ, ಮೇಲೆ ಹೊಳಪಿದ್ರೂ ಒಳಗೆ ಮಂಕಾಗಿ ನವಿರು ನವಿರಾಗಿ ಕಾಣ್ತು. ಬೇಗ ಗಟ್ಟಿಯಾಗಲಿ ಅಂತ ಹೆಕ್ಸಮಿನ್ ಅನ್ನೋ ಬಿಳೀ ಪುಡೀನೂ ಸೇರಿಸ್ತಾರೆ, ಮೊಸರಿಗೆ ಹೆಪ್ಪಿದ್ದಂಗೆ. ಬಿಸಿ ಜಾಸ್ತಿ ತಡೀಬೇಕಾದ ಕಡೆ ಅಭ್ರಕ, ಕಲ್ನಾರು ಹಾಕೋರು. ಆ ಕಲ್ನಾರಿನ ಧೂಳು ಎದೆಗೆ ಮಾಡೋದು ಬೇರೆ ಕಥೆ. ಧೂಳು ಕುಡಿದ ಗಂಡಸರ ಕೆಮ್ಮು ಕೇಳ್ತಾ ಬೆಳೆದ ನಮ್ಮೂರಿನೋರಿಗೆ ಅದನ್ನ ವಿವರಿಸಬೇಕಾಗಿಲ್ಲ.

ಮಂಗಳೂರು ಕಡೆ ಗೋಡಂಬಿ ಸಿಪ್ಪೆಯಿಂದ ಬರೋ ಎಣ್ಣೆ ಐತಲ್ಲಾ, ಬೀಜ ಒಡೆಯೋ ಹೆಂಗಸರ ಕೈಚರ್ಮ ಸುಡೋದು, ಅದರಲ್ಲೂ ಫೀನಾಲಿನ ನೆಂಟ ಅವ್ನೆ. ಅಮೆರಿಕದ ಹಾರ್ವೆ ಅನ್ನೋನು ಅದರಿಂದ ಗಟ್ಟಿ ಅಂಟು ಮಾಡಿ ಪೇಟೆಂಟುಗಳನ್ನ ತಗೊಂಡ. ಲಾರಿ, ಕಾರುಗಳ ಬ್ರೇಕಿನ ಲೈನಿಂಗಿಗೆ ಅದು ಇವತ್ತಿಗೂ ಹೋಗುತ್ತೆ.

ಸರಿ, ಇಷ್ಟು ಒಳ್ಳೇ ಸಾಮಾನನ್ನ ಯಾಕೆ ಕಿತ್ತು ಹಾಕಿದ್ವಿ? ಅಪ್ಪ ಹೋದ್ಮೇಲೆ ತಮ್ಮ ಎಷ್ಟೋ ಸಲ "ವೈರಿಂಗ್ ಬದಲಾಯಿಸೋಣ ಅಕ್ಕಾ" ಅಂದಿದ್ದ. ಅಮ್ಮ ಒಪ್ಪಲಿಲ್ಲ. "ಅವರ ಕೈಯಲ್ಲಿ ಹಾಕಿದ್ದು, ಇರ್ಲಿ ಬಿಡು" ಅನ್ನೋಳು. ನಾನೂ ಅಮ್ಮನ ಕಡೇನೇ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಬಚ್ಚಲ ಹತ್ರದ ಸ್ವಿಚ್ಚನ್ನ ಒದ್ದೆ ಕೈಯಲ್ಲಿ ಮುಟ್ಟಿ ಅಮ್ಮ ದಡಕ್ಕನೆ ಬಿದ್ಳು. ಜೀವಕ್ಕೇನೂ ಆಗಲಿಲ್ಲ. ಮೊಣಕೈ ತರಚ್ತು, ಎರಡು ದಿನ ಮಾತು ಕಮ್ಮಿಯಾಯ್ತು.

ವೈರಿಂಗ್ ಹುಡುಗ ಅದನ್ನ ಬಿಚ್ಚಿ ತೋರಿಸಿದ. ಒಳಗೆ ಒಂದು ತಿರುಪಿನಿಂದ ಇನ್ನೊಂದು ತಿರುಪಿಗೆ ಕೂದಲಿನಷ್ಟು ಸಣ್ಣ ಕರೀ ಗೆರೆ. ಬೇಕಲೈಟು ಕರಗಲ್ಲ ನಿಜ, ಆದ್ರೆ ಇದ್ದಿಲಾಗುತ್ತೆ. ಧೂಳು ತೇವ ಕೂತ ಕಡೆ ಸಣ್ಣ ಕಿಡಿ ಹಾರುತ್ತಾ ಹಾರುತ್ತಾ ಮೇಲ್ಮೈ ಸುಟ್ಟು ಇದ್ದಿಲಿನ ಗೆರೆ ಬೀಳುತ್ತೆ. ಇದ್ದಿಲಿನಲ್ಲಿ ಕರೆಂಟು ಹರಿಯುತ್ತೆ. ಕರೆಂಟು ತಡೀಲಿ ಅಂತ ಇಟ್ಟಿದ್ದೇ ಅದಕ್ಕೆ ದಾರಿ ಮಾಡ್ಕೊಟ್ಟಿತ್ತು.

ಅಪ್ಪನಿಗೆ ಇದು ಗೊತ್ತಿರಲಿಲ್ವಾ ಅಂತ ಮನಸ್ಸಿಗೆ ಕಸಿವಿಸಿಯಾಯ್ತು. ಆಮೇಲೆ ಅಡುಗೆಮನೆ ಬೋರ್ಡು ಬಿಚ್ಚುವಾಗ ನೆನಪಾಯ್ತು, ಅಲ್ಲಿನ ಸ್ವಿಚ್ಚುಗಳು ಕರೀವಲ್ಲ, ಬಿಳೀವು. ಗಣಿ ಮುಚ್ಚೋಕೆ ಕೆಲವು ವರ್ಷ ಮುಂಚೆ ಅಪ್ಪಾನೇ ಬದಲಾಯಿಸಿದ್ದ. ಚೆಂದಕ್ಕೆ ಅಂದ್ಕೊಂಡಿದ್ವಿ. ಆ ಬಿಳೀ ಥರದ್ದು ಫೀನಾಲಿನದಲ್ಲ, ಯೂರಿಯಾದ್ದು, ಹೊಲಕ್ಕೆ ಹಾಕ್ತಾರಲ್ಲಾ ಅದೇ ಯೂರಿಯಾ. ಅದೂ ಇಡ್ಲಿ ಜಾತೀನೇ, ಆದ್ರೆ ಅಷ್ಟು ಸುಲಭಕ್ಕೆ ಇದ್ದಿಲ ಗೆರೆ ಬೀಳಲ್ಲ. ನೀರು, ಹಬೆ ಇರೋ ಕಡೆಯಿಂದ ಶುರು ಮಾಡಿದ್ದ. ಬಚ್ಚಲ ಹತ್ರದ್ದು ಮುಂದಿನ ಸರದಿ ಇತ್ತೇನೋ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು, ಆಮೇಲೆ ಅಪ್ಪ ಟೆಸ್ಟರು ಕೈಗೆ ತಗೊಂಡಿದ್ದು ನಾನು ನೋಡಲಿಲ್ಲ.

ತಮ್ಮನಿಗೆ ಫೋನಲ್ಲಿ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಪ್ಪು ಬಿಸಾಕಬೇಡ ಅಕ್ಕಾ, ನಂಗೊಂದು ಇಟ್ಟಿರು" ಅಂದ. ಎರಡು ತೆಗೆದಿಟ್ಟಿದೀನಿ. ಮಿಕ್ಕಿದ್ದು ಗೋಣಿಚೀಲದಲ್ಲೇ ಐತೆ. ಏನು ಮಾಡೋದು ಅಂತ ಅಮ್ಮನ್ನ ಕೇಳಿದ್ರೆ, "ಹಿತ್ತಲ ಗುಂಡಿಗೆ ಹಾಕಿ ಮಣ್ಣು ಮುಚ್ಚು, ಅದು ಕೊಳೆಯೋದೂ ಇಲ್ವಂತಲ್ಲಾ" ಅಂತಾವ್ಳೆ.