ಮರ್ಡರ್ ಬೈ ದ ಬುಕ್ (ಕೊಲಂಬೊ ಸಂಚಿಕೆ)

ಅಮೆರಿಕದ ಪತ್ತೇದಾರಿ ಧಾರಾವಾಹಿ ‘ಕೊಲಂಬೊ’ದ ಮೊದಲ ಸರಣಿಯ ಮೊದಲ ಸಂಚಿಕೆ. 1971ರ ಸೆಪ್ಟೆಂಬರ್ 15ರಂದು ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಇದಕ್ಕೂ ಮುಂಚೆ ಕೊಲಂಬೊ ಪಾತ್ರದ ಎರಡು ಕಿರುತೆರೆ ಚಿತ್ರಗಳು ಬಂದಿದ್ದವು. ಸಂಚಿಕೆಯ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್‌ಗೆ ಆಗ 24 ವರ್ಷ. ಕಥೆ ಬರೆದ ಸ್ಟೀವನ್ ಬಾಚ್ಕೊಗೆ 27. ಲೆಫ್ಟಿನೆಂಟ್ ಕೊಲಂಬೊ ಆಗಿ ಪೀಟರ್ ಫಾಕ್ ನಟಿಸಿದ್ದಾರೆ. ಮೈಮೇಲಿನ ಮಾಸಿದ ರೇನ್‌ಕೋಟು ಅವರದೇ ಸ್ವಂತದ್ದು.

ಕಥೆಯಲ್ಲಿ ಕೆನ್ ಮತ್ತು ಜಿಮ್ ಸೇರಿ ಪತ್ತೇದಾರಿ ಕಾದಂಬರಿಗಳನ್ನು ಹೊರತರುವ ಜೋಡಿ. ಬರೆಯುವವನು ಜಿಮ್ ಒಬ್ಬನೇ. ಅವನು ಜೋಡಿ ಮುರಿಯಲು ಹೊರಟಾಗ ಕೆನ್ ಅವನನ್ನು ಊರಾಚೆಯ ಮನೆಗೆ ಕರೆದೊಯ್ಯುತ್ತಾನೆ. ಆಫೀಸಿನಲ್ಲೇ ಇದ್ದೇನೆಂದು ಜಿಮ್‌ನಿಂದ ಅವನ ಹೆಂಡತಿಗೆ ಫೋನಿನಲ್ಲಿ ಹೇಳಿಸಿ, ಆಕೆ ಕೇಳುತ್ತಿರುವಾಗಲೇ ಗುಂಡು ಹಾರಿಸುತ್ತಾನೆ.

ಸಂಚಿಕೆಯ ಹಿರಿಮೆ ಇರುವುದು ಅದರ ಶಬ್ದದಲ್ಲಿ. ಆರಂಭದಲ್ಲಿ ಕೊಲೆಗಾರನ ಕಾರು ರಸ್ತೆಯಲ್ಲಿ ಬರುತ್ತದೆ, ಆದರೆ ಎಂಜಿನ್ನಿನ ಸದ್ದಿಲ್ಲ. ಕೇಳಿಸುವುದು ಟೈಪ್‌ರೈಟರಿನ ಟಕಟಕ ಮಾತ್ರ. ಕೊಲ್ಲಲು ಬರುವವನು ಮತ್ತು ತನ್ನ ಪಾಡಿಗೆ ಬರೆಯುತ್ತ ಕೂತವನು, ಇಬ್ಬರನ್ನೂ ಒಂದೇ ಒಂದು ಸದ್ದು ಬೆಸೆಯುತ್ತದೆ; ಮಾತೇ ಬೇಕಾಗಿಲ್ಲ. ಸಂಗೀತ ನಿರ್ದೇಶಕ ಬಿಲ್ಲಿ ಗೋಲ್ಡನ್‌ಬರ್ಗ್ ಆ ಕೀಲಿಗಳ ಬಡಿತವನ್ನು ಹಿನ್ನೆಲೆ ಸಂಗೀತದೊಳಗೂ ತಂದರು.

ಬರಹಗಾರರ ಆಫೀಸಿಗೆ ಸ್ಟುಡಿಯೊದ ಸೆಟ್ ಬೇಡವೆಂದು ಸ್ಪಿಲ್‌ಬರ್ಗ್ ಪಟ್ಟು ಹಿಡಿದರು. ಲಾಸ್ ಏಂಜಲೀಸ್‌ನ ಸನ್‌ಸೆಟ್ ಬೂಲೆವಾರ್ಡ್‌ನ ಎತ್ತರದ ಕಟ್ಟಡವೊಂದರಲ್ಲಿ, ಸುತ್ತಲೂ ಗಾಜಿರುವ ಕೋಣೆಯಲ್ಲಿ ಚಿತ್ರೀಕರಣ ನಡೆಯಿತು. ಛಾಯಾಗ್ರಾಹಕ ರಸೆಲ್ ಮೆಟ್ಟಿಗೆ ಇದು ಹಿಡಿಸಲಿಲ್ಲ. ‘ಸ್ಪಾರ್ಟಕಸ್’ಗೆ ಆಸ್ಕರ್ ಪಡೆದ, ಅರವತ್ತು ದಾಟಿದ ಹಿರಿಯರು ಅವರು. ಗಾಜಿನ ಗೋಡೆಗಳ ನಡುವೆ ದೀಪ ಎಲ್ಲಿಡಬೇಕು ಎಂಬ ಅವರ ತಕರಾರು ನ್ಯಾಯವಾದದ್ದೇ. ಆದರೂ ಕೊನೆಗೆ ತೆರೆಗೆ ಬಂದ ಬೆಳಕು ಅವರ ಕೈಚಳಕವೇ. ಕಿಟಕಿಯಾಚೆಯ ನಿಜವಾದ ನಗರ ಕಥೆಗೆ ಕೊಟ್ಟ ಹರವು ಸೆಟ್ಟಿನಲ್ಲಿ ದಕ್ಕುತ್ತಿರಲಿಲ್ಲ.

ಧಾರಾವಾಹಿಯ ಸೃಷ್ಟಿಕರ್ತರಾದ ರಿಚರ್ಡ್ ಲೆವಿನ್‌ಸನ್, ವಿಲಿಯಂ ಲಿಂಕ್ ಸಹ ಶಾಲೆಯ ದಿನಗಳಿಂದ ಜೊತೆಯಾಗಿ ಬರೆದ ಗೆಳೆಯರು. ಒಡೆದುಹೋದ ಬರಹಗಾರ ಜೋಡಿಯ ಕಥೆಯಿಂದಲೇ ಅವರ ಸರಣಿ ಶುರುವಾಯಿತು. ಕಥೆಯ ಕೊನೆಯಲ್ಲಿ ಕೆನ್ ಒಪ್ಪಿಕೊಳ್ಳುವ ಮಾತು ಮನಸ್ಸು ಕಲಕುತ್ತದೆ: ಜಿಮ್‌ನನ್ನು ಕೊಂದ ಆ ಜಾಣ ಉಪಾಯ, ತನ್ನ ಬದುಕಿನಲ್ಲೇ ಸ್ವಂತವಾಗಿ ಹೊಳೆದ ಒಂದೇ ಒಂದು ಒಳ್ಳೆಯ ಕಥಾವಸ್ತು.

ಕೆನ್ ಪಾತ್ರದ ಜ್ಯಾಕ್ ಕ್ಯಾಸಿಡಿ 1974 ಮತ್ತು 1976ರಲ್ಲಿ ಮತ್ತೆರಡು ಸಂಚಿಕೆಗಳಲ್ಲಿ ಬೇರೆ ಬೇರೆ ಕೊಲೆಗಾರರಾಗಿ ಮರಳಿದರು. 1974ರದರಲ್ಲಿ ಅವರು ಪುಸ್ತಕ ಪ್ರಕಾಶಕ. ಅಲ್ಲಿಯೂ ಬಲಿಯಾಗುವವನು ಲೇಖಕನೇ.