ಸಂನ್ಯಾಸಿನಿಯರ ಕೊಡುಗೆ

ಆನೆಗೊಂದಿಯ ಬಳಿಯ ಅಂಜನಾದ್ರಿಯನ್ನು ನೋಡಿದಾಗಲೆಲ್ಲ, ಮಗನಿಗಾಗಿ ತಪಸ್ಸು ಮಾಡಿದ ಅಂಜನಾದೇವಿ ನನಗೆ ನೆನಪಾಗುತ್ತಾಳೆ. ಕೊಪ್ಪಳ ಸೀಮೆಯಲ್ಲಿ ಹರಕೆ ಹೊರುವವಳೂ ಹೆಂಗಸೇ, ‘ಬಂಜೆ’ಯೆನಿಸಿಕೊಳ್ಳುವವಳೂ ಅವಳೇ.

ಅಂಡವು ಬಲಿತು ಹೊರಬರದಿದ್ದರೆ ಗರ್ಭ ನಿಲ್ಲದು. ಅದಕ್ಕೆ ಮದ್ದು ದೊರೆತ ಬಗೆ ಪುರಾಣಕ್ಕಿಂತ ಸೋಜಿಗದ್ದು. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಅಂಡಾಶಯವನ್ನು ಚೋದಿಸುವ ಹಾರ್ಮೋನು ಹೇರಳವಾಗಿರುತ್ತದೆ. ಇಟಲಿಯ ಸೆರೋನೊ ಕಂಪನಿ ಆ ಮೂತ್ರವನ್ನು ಕ್ರೈಸ್ತ ಮಠಗಳ ವೃದ್ಧ ಸಂನ್ಯಾಸಿನಿಯರಿಂದ ಸಂಗ್ರಹಿಸಿತು. ಅದರಿಂದಾದ ಚುಚ್ಚುಮದ್ದನ್ನು ಬ್ರೂನೊ ಲುನೆನ್‌ಫೆಲ್ಡ್ ಇಸ್ರೇಲಿನಲ್ಲಿ ಪ್ರಯೋಗಿಸಿದರು. 1962ರಲ್ಲಿ ಮೊದಲ ಮಗು ಹುಟ್ಟಿತು. ಸಂಸಾರ ತೊರೆದವರಿಂದ ಪರರ ಮನೆಗೆ ತೊಟ್ಟಿಲು! ಇಂಥ ವಿನೋದ ವಿಧಿಗೇ ಸಾಧ್ಯ.

ಬಡವರಿಗೆ ಎಟುಕಿದ್ದು ಕ್ಲೋಮಿಫೀನ್ ಗುಳಿಗೆ. ಅಮೆರಿಕದ ಗ್ರೀನ್‌ಬ್ಲಾಟ್ 1961ರಲ್ಲಿ ಅದರ ಫಲವನ್ನು ವರದಿ ಮಾಡಿದರು. 1967ರಲ್ಲಿ ಅಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಈಸ್ಟ್ರೊಜೆನ್ ಕಡಿಮೆಯಾಗಿದೆಯೆಂದು ಮೆದುಳನ್ನು ನಂಬಿಸುವುದೇ ಇದರ ಉಪಾಯ; ಮೆದುಳು ಆಗ ಅಂಡಾಶಯವನ್ನು ಎಚ್ಚರಿಸುತ್ತದೆ. ಅವಳಿ ಹುಟ್ಟುವ ಸಂಭವವೂ ಹೆಚ್ಚು. ಆದರೆ ಕೊರತೆ ಗಂಡನ ವೀರ್ಯದಲ್ಲಿದ್ದರೆ, ಹೆಂಡತಿ ಎಷ್ಟು ಗುಳಿಗೆ ನುಂಗಿದರೇನು? ಗಂಡನನ್ನೂ ಮೊದಲೇ ಪರೀಕ್ಷಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮ ಮನೆಗಳ ಹಿರಿಯರು ಹೇಳುವುದು ಅಪರೂಪ.

ಸ್ತನದ ಕ್ಯಾನ್ಸರಿಗೆಂದು ಬಂದ ಲೆಟ್ರೊಜೋಲ್ ಕೂಡ ಈ ಕೆಲಸಕ್ಕೆ ಒದಗಿತು. ಭಾರತ ಸರ್ಕಾರ 2011ರಲ್ಲಿ ಈ ಬಳಕೆಯನ್ನು ನಿಷೇಧಿಸಿ, 2017ರಲ್ಲಿ ನಿಷೇಧವನ್ನು ತೆಗೆಯಿತು.